ಮೀನು ನೋಡುವವನ ಕುರ್ಚಿ

ತಾಳ್ಮೆ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಸ್ಸು ತಡವಾದರೆ ಕಂಡಕ್ಟರ್ ಹೇಳುತ್ತಾನೆ, ರೇಷನ್ ಅಂಗಡಿಯವ ಹೇಳುತ್ತಾನೆ, ಬ್ಯಾಂಕಿನ ಗಾಜಿನ ಹಿಂದೆ ಕೂತ ಹುಡುಗಿ ಹೇಳುತ್ತಾಳೆ. ಅವರ ಮೇಲೆ ರೇಗಿ ಉಪಯೋಗವಿಲ್ಲ ಎಂದು ಗೊತ್ತು, ಆದರೂ ರೇಗುತ್ತೇನೆ. ನನ್ನ ಅಣ್ಣನಷ್ಟು ತಾಳ್ಮೆಯಿದ್ದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆ ತಾಳ್ಮೆಗೆ ಮೆಚ್ಚಿ ಅವನಿಗೆ ಏನನ್ನಾದರೂ ಕೊಟ್ಟದ್ದು ಈ ಲೋಕದಲ್ಲಿ ಒಂದೇ ಒಂದು, ಅದೂ ಒಂದು ಕಂಪ್ಯೂಟರ್ ಆಟ. ಬೆಟ್ಟ, ಮರಳು, ಕಾಡು ಎಂದು ನೋಡದೆ ರಸ್ತೆ ಬಿಟ್ಟು ಗಾಡಿ ಓಡಿಸುವ ರೇಸಿನ ಆಟ. ಅದನ್ನು ಮನೆಗೆ ತಂದವಳು ನಾನು.

ನಮ್ಮ ಮನೆ ಅಂಕೋಲೆಯ ಹತ್ತಿರ ಕೇಣಿಯಲ್ಲಿ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಾನು ಕಾರವಾರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಮನೆ ಮುಟ್ಟುವಾಗ ಸಂಜೆ ಆರೂವರೆ. ಮನೆಯಲ್ಲಿ ನಾವು ಆಯಿ ಎಂದು ಕರೆಯುತ್ತಿದ್ದ ಅಮ್ಮ, ಅಣ್ಣ, ನಾನು, ಮೂರೇ ಜನ. ಅಪ್ಪ ತೀರಿಕೊಂಡು ಆರೇಳು ವರ್ಷವಾಗಿತ್ತು. ಅಪ್ಪ ಮಾಡುತ್ತಿದ್ದ ಕೆಲಸವನ್ನೇ ಅಣ್ಣ ಹಿಡಿದಿದ್ದ. ಅದು ಮೀನು ಹಿಡಿಯುವ ಕೆಲಸವಲ್ಲ, ಮೀನು ನೋಡುವ ಕೆಲಸ.

ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಒಂದು ತುದಿಯನ್ನು ದಡದಲ್ಲಿ ಹಿಡಿದಿಟ್ಟು, ದೋಣಿಯವರು ಬಲೆ ಬಿಡುತ್ತ ಬಿಡುತ್ತ ಅರ್ಧ ಸುತ್ತು ಹೋಗಿ ಮತ್ತೆ ದಡಕ್ಕೆ ಬರುತ್ತಾರೆ. ಆಮೇಲೆ ಊರಿನ ಜನವೆಲ್ಲ ಎರಡು ಸಾಲಾಗಿ ನಿಂತು ಎಳೆಯಬೇಕು. ಆದರೆ ಬಂಗಡೆ ಮೀನಿನ ಹಿಂಡು ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂದು ದೋಣಿಯಲ್ಲಿದ್ದವರಿಗೆ ಕಾಣುವುದಿಲ್ಲ. ಅದಕ್ಕೆ ಒಬ್ಬ ಎತ್ತರದ ಬಂಡೆಯ ಮೇಲೆ ನಿಂತಿರುತ್ತಾನೆ. ನೀರಿನ ಬಣ್ಣ ಒಂದು ಕಡೆ ಸ್ವಲ್ಪ ಕೆಂಪಾಗಿ ಕಪ್ಪಾಗುವುದು, ಅಲ್ಲಿ ಮಾತ್ರ ಸಣ್ಣಗೆ ಕುದಿಯುವ ಹಾಗೆ ಕಾಣುವುದು ಅವನಿಗೆ ಗೊತ್ತಾಗುತ್ತದೆ. ಅವನು ಕೈಯಲ್ಲಿರುವ ಪಂಚೆಯನ್ನು ಬೀಸಿದ ಕಡೆಗೆ ದೋಣಿ ಹೋಗಬೇಕು. ಗಡಿಬಿಡಿ ಮಾಡಿ ಬೇಗ ಬೀಸಿದರೆ ಹಿಂಡು ಬೆದರಿ ಚದುರುತ್ತದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು, ಒಂದು ಸಲವೂ ಪಂಚೆ ಬೀಸದೆ ಅಣ್ಣ ಮನೆಗೆ ಬಂದ ದಿನಗಳು ಎಷ್ಟೋ. ಬೇಸರ ಬರುವುದಿಲ್ಲವಾ ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಮೀನು ನೋಡುವವನಿಗೆ ಒಂದು ಕಟ್ಟುಪಾಡಿತ್ತು. ಹಿಂಡು ಕಣ್ಣಿಗೆ ಬಿದ್ದ ಮೇಲೆ ಬಲೆಯ ಎರಡೂ ತುದಿ ದಡ ಸೇರುವವರೆಗೆ ಅವನು ಕಣ್ಣು ತೆಗೆಯಬಾರದು. ಕೂರಬಾರದು, ನೀರು ಕುಡಿಯಬಾರದು, ಬೀಡಿ ಹಚ್ಚಬಾರದು. ಅದಕ್ಕಿಂತ ಹೆಚ್ಚಾಗಿ, ಅವನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಅವನು ತಿರುಗುತ್ತಾನೆ, ತಿರುಗಿದರೆ ಊರಿನ ಅನ್ನ ಹೋಯಿತು. ಆಯಿ ಅಪ್ಪನಿಗೆ ಗಂಜಿ ಒಯ್ದು, ಬಂಡೆಯ ಕೆಳಗೆ ಪಾತ್ರೆ ಹಿಡಿದು, ಗಂಜಿ ತಣ್ಣಗಾಗಿ ಕೆನೆ ಕಟ್ಟುವವರೆಗೆ ಬಾಯಿ ಬಿಡದೆ ನಿಂತದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ನಮ್ಮ ಮನೆಯಲ್ಲಿ ಅದು ನಿಯಮ ಅನ್ನಿಸುತ್ತಲೇ ಇರಲಿಲ್ಲ. ಒಲೆಯ ಹತ್ತಿರ ಸೆರಗು ಸಿಕ್ಕಿಸಿಕೊಂಡು ಕೂರುವ ಹಾಗೆ ಅದು ಆಯಿಯ ಮೈಗೆ ಹತ್ತಿದ ಅಭ್ಯಾಸ.

ಅಣ್ಣ ಬಂಡೆಯಿಂದ ಬಿದ್ದದ್ದೂ ಆ ಕಟ್ಟುಪಾಡಿನಿಂದಲೇ. ಚೌತಿ ಮುಗಿದು ಬಂಗಡೆಯ ಕಾಲ. ಹಿಂಡು ಬಡಗಿನ ಕಡೆ ಸರಿಯಿತು, ಅವನು ಕಣ್ಣು ತೆಗೆಯದೆ ಬಂಡೆಯ ಮೇಲೆ ಅಡ್ಡಡ್ಡ ಹೆಜ್ಜೆ ಇಟ್ಟ, ಪಾಚಿಯ ಮೇಲೆ ಕಾಲು ಜಾರಿತು. ಕೆಳಗಿನ ಕಲ್ಲಿಗೆ ಸೊಂಟ ಬಡಿಯಿತು. ಆದರೆ ಅಷ್ಟರಲ್ಲಿ ಪಂಚೆ ಬೀಸಿ ಆಗಿತ್ತು, ಬಲೆ ಸರಿಯಾಗಿ ಸುತ್ತಿತ್ತು. ಆ ವರ್ಷದ ದೊಡ್ಡ ಮೀನು ಬಿದ್ದದ್ದು ಆವತ್ತೇ. ಅಣ್ಣನನ್ನು ಟೆಂಪೋದಲ್ಲಿ ಮಲಗಿಸಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿರುವಾಗ, ಇಲ್ಲಿ ನಮ್ಮ ಮನೆಯ ಪಾಲು ಎಂದು ಒಂದು ಬುಟ್ಟಿ ಬಂಗಡೆ ತಂದು ಜಗಲಿಯ ಮೇಲೆ ಇಟ್ಟು ಹೋದರಂತೆ. ತಂದವರ ತಪ್ಪಲ್ಲ, ಪಾಲು ಪಾಲೇ. ನಾವು ಮರಳಿ ಬರುವಷ್ಟರಲ್ಲಿ ಪಕ್ಕದ ಮನೆಯವರು ಅದನ್ನು ಉಪ್ಪು ಹಾಕಿ ಒಣಗಿಸಿಟ್ಟಿದ್ದರು.

ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ದೊಡ್ಡ ಡಾಕ್ಟರು ನಮ್ಮ ಮುಖ ನೋಡದೆ ಕಾಗದ ನೋಡುತ್ತ, "ನರದ ವಿಷಯ, ಈಗಲೇ ಏನೂ ಹೇಳಲು ಬರುವುದಿಲ್ಲ. ಆರು ತಿಂಗಳು, ವರ್ಷ, ಎರಡು ವರ್ಷ. ತಾಳ್ಮೆ ಇರಲಿ" ಅಂದರು. ಆಯಿ ಅದನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಸ್ಪತ್ರೆ ಬಿಟ್ಟು ಬರುವ ದಿನ ಒಬ್ಬಳು ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಬೇರೆ ಮಾತು ಹೇಳಿದಳು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಕುರ್ಚಿಯಲ್ಲಿ ಕೂರಿಸಿದರೆ ಇನ್ನೂ ಬೇಗ ಬೇಗ ಎತ್ತಿಸಬೇಕು, ಚರ್ಮ ಒತ್ತಿ ಸತ್ತರೂ ಅವನಿಗೆ ನೋವು ಗೊತ್ತಾಗುವುದಿಲ್ಲ, ನೀವೇ ದಿನಾ ನೋಡಬೇಕು. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡು ಬಂದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಆಯಿಗೆ ಓದಲು ಬರುವುದಿಲ್ಲ, ಆದರೂ ಅಂಟಿಸಿದೆ. ಬಾಯಿಂದಲೂ ಹೇಳಿದೆ. ಮೊದಲ ನಾಲ್ಕು ತಿಂಗಳು ಆಯಿ ಗಡಿಯಾರಕ್ಕಿಂತ ಕಟ್ಟುನಿಟ್ಟಾಗಿ ಅದನ್ನು ಮಾಡಿದಳು.

ಆ ನಾಲ್ಕು ತಿಂಗಳು ಅಣ್ಣ ಮಾತು ಬಿಟ್ಟ. ಕಿಟಕಿ ತೆರೆದರೆ ಸಮುದ್ರದ ಸದ್ದು, ಬಲೆ ಎಳೆಯುವವರ ಕೂಗು. ಮುಚ್ಚಲು ಹೇಳಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಜೊತೆಯವರು ನೋಡಲು ಬಂದರೆ ನಿದ್ದೆ ಬಂದವನಂತೆ ಕಣ್ಣು ಮುಚ್ಚುತ್ತಿದ್ದ. ಊಟ ಅರ್ಧಕ್ಕೆ ಬಿಡುತ್ತಿದ್ದ. ಅವನು ಬದುಕುವ ಮನಸ್ಸನ್ನೇ ಬಿಟ್ಟಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಹೇಗಾದರೂ ಮಾಡಿ ಅವನನ್ನು ಗೋಡೆಯಿಂದ ಈ ಕಡೆ ತಿರುಗಿಸಬೇಕು, ನನಗೆ ಬೇಕಾದದ್ದು ಅಷ್ಟೇ.

ನನ್ನ ಜೊತೆ ಪಾಠ ಹೇಳುತ್ತಿದ್ದ ಒಬ್ಬಾಕೆ ಮಲ್ಲಾಪುರದ ಕ್ವಾರ್ಟರ್ಸಿನಿಂದ ಬರುತ್ತಿದ್ದಳು. ಅವಳ ಮನೆಯಲ್ಲಿ ಹೊಸ ಕಂಪ್ಯೂಟರ್ ಬಂದಿತ್ತು, ಹಳೆಯದನ್ನು ಸುಮ್ಮನೆ ಕೊಟ್ಟಳು. ಹಳೆಯದೆಂದರೂ ಆಟ ಆಡಲೆಂದೇ ಕಟ್ಟಿಸಿದ್ದು. ಪೆಟ್ಟಿಗೆಯೊಳಗೆ ಐದಾರು ಆಟದ ಸೀಡಿಗಳೂ ಇದ್ದವು. ಒಂದು ಭಾನುವಾರ ಅದನ್ನು ಅಣ್ಣನ ಮಂಚದ ಎದುರು ಮೇಜಿನ ಮೇಲೆ ಜೋಡಿಸಿದೆ. ಅವನು ತಿರುಗಿ ನೋಡಲಿಲ್ಲ. ನಾನು ಹಠ ಮಾಡಿ, ಅವನಿಗೆ ಕೇಳಲಿ ಎಂದೇ ಸದ್ದು ಜೋರು ಮಾಡಿ, ಕೈಗೆ ಸಿಕ್ಕ ಸೀಡಿ ಹಾಕಿ ಆಡತೊಡಗಿದೆ. ಅದು ಈ ಗಾಡಿಯ ಆಟ.

ನಾನು ಗಡಿಬಿಡಿಯ ಹೆಂಗಸು. ಗಾಡಿ ಕೈಗೆ ಬಂದದ್ದೇ ಓಡಿಸುವ ಗುಂಡಿಯನ್ನು ಒತ್ತಿ ಹಿಡಿದೆ. ಪರದೆಯ ಮೇಲೆ ದಾರಿ ತೋರಿಸುವ ಬಾಣಗಳಿದ್ದವು, ರಸ್ತೆ ಗುಡ್ಡ ಬಳಸಿಕೊಂಡು ಹೋಗುತ್ತಿತ್ತು. ಅಷ್ಟು ಸುತ್ತು ಯಾಕೆ ಎಂದು ನೇರ ಇಳಿಜಾರಿಗೆ ಬಿಟ್ಟೆ. ಗಾಡಿ ಉರುಳಿ, ಮೂರು ಪಲ್ಟಿ ಹೊಡೆದು, ಆಟವೇ ಅದನ್ನು ಎತ್ತಿ ಮತ್ತೆ ಹಿಂದಿನ ರಸ್ತೆಯಲ್ಲಿ ತಂದು ನಿಲ್ಲಿಸಿತು. ಮತ್ತೆ ಬಿಟ್ಟೆ, ಮತ್ತೆ ಬಿದ್ದೆ. ಐದನೆಯ ಸಲವೋ ಆರನೆಯ ಸಲವೋ ಬೆನ್ನ ಹಿಂದಿನಿಂದ ಮಾತು ಬಂತು.

"ಎಂತಕೆ ಅಷ್ಟು ಗಡಿಬಿಡಿ? ಎಲ್ಲಿಗೆ ಓಡುಕೆ ಅದೆ ನಿಂಗೆ?"

ನಾನು ತಿರುಗಲಿಲ್ಲ. ತಿರುಗಿದರೆ ಮತ್ತೆ ಗೋಡೆಗೆ ಹೋಗುತ್ತಾನೆ ಎಂಬ ಭಯ.

"ಅಲ್ಲಿ ಇಳೀಬೇಡ ತಂಗಿ. ಮಣ್ಣಿನ ಬಣ್ಣ ಬೇರೆ ಅದೆ ನೋಡು. ಸಡ್ಲ ಮಣ್ಣು ಅದು. ಸ್ವಲ್ಪ ಎಡಕ್ಕೆ, ಕಲ್ಲು ಇದ್ದಲ್ಲಿ ಇಳಿ, ಮೆಲ್ಲಕೆ."

ಇಳಿದೆ. ಗಾಡಿ ಮಗುಚದೆ ನಿಂತಿತು. ನಾನು ಅಳುತ್ತಿದ್ದೆ, ಅವನಿಗೆ ಕಾಣಬಾರದೆಂದು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದೆ. ಮರುದಿನವೇ ತನ್ನನ್ನು ಕುರ್ಚಿಯಲ್ಲಿ ಕೂರಿಸಲು ಕೇಳಿದ.

ಆ ಆಟ ಯಾಕೆ ತಾಳ್ಮೆಯವರಿಗೆ ಒಲಿಯುತ್ತದೆ ಎಂದು ನಾನು ಅಣ್ಣನ ಪಕ್ಕದಲ್ಲಿ ಕೂತು ಕಲಿತೆ. ಬೇರೆ ರೇಸಿನ ಆಟಗಳಲ್ಲಿ ಒಂದು ರಸ್ತೆ ಇರುತ್ತದೆ, ಅದರ ಎರಡೂ ಪಕ್ಕ ಬೇಲಿ. ಅಲ್ಲಿ ಚುರುಕು ಬೆರಳಿದ್ದವರು ಗೆಲ್ಲುತ್ತಾರೆ. ಇಲ್ಲಿ ಬೇಲಿಯೇ ಇಲ್ಲ. ಒಂದಿಡೀ ನಾಡನ್ನೇ ತೆರೆದಿಟ್ಟಿದ್ದಾರೆ: ಬೋಳು ಗುಡ್ಡ, ಒಣಗಿದ ಕೆರೆ, ಸುಟ್ಟ ಕಾಡು, ಹಿಮ. ಬಾಣ ನೋಡಿಕೊಂಡು ರಸ್ತೆಯಲ್ಲೇ ಹೋದರೆ ಎಲ್ಲರ ಜೊತೆ ಎಲ್ಲರ ಹಾಗೆ ಮುಟ್ಟುತ್ತೀರಿ, ಹೆಚ್ಚೆಂದರೆ ಮೂರನೆಯವರಾಗಿ. ರಸ್ತೆ ಬಿಟ್ಟು ನೇರ ಹಾದಿ ಹಿಡಿದರೆ ಬೇಗ ಮುಟ್ಟಬಹುದು, ಆದರೆ ನೆಲ ಗೊತ್ತಿಲ್ಲದವನಿಗೆ ನೇರ ಹಾದಿ ನನಗಾದಂತೆಯೇ ಆಗುತ್ತದೆ. ನೆಲ ಗೊತ್ತಾಗಬೇಕಾದರೆ ರೇಸನ್ನೇ ಬಿಟ್ಟು ಸುಮ್ಮನೆ ಅಲೆಯಬೇಕು. ಆಟ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಅಲೆಯಿರಿ ಎಂದು ಹೇಳುವುದೂ ಇಲ್ಲ. ಯಾವ ಇಳಿಜಾರು ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಯಾವ ಒಣ ಹಳ್ಳ ಗುಡ್ಡದ ಆಚೆ ಬದಿಗೆ ತಲುಪಿಸುತ್ತದೆ, ಯಾವ ಗಾಡಿ ನಿಧಾನವಾದರೂ ಮಗುಚುವುದಿಲ್ಲ, ಎಲ್ಲ ನಾವೇ ಕಂಡುಕೊಳ್ಳಬೇಕು. ಕಟ್ಟಿದವರು ಒಳ್ಳೊಳ್ಳೆಯ ಗಾಡಿಗಳನ್ನೂ ನೋಡುವ ಜಾಗಗಳನ್ನೂ ಯಾವ ರಸ್ತೆಯೂ ಹೋಗದ ಮೂಲೆಯಲ್ಲಿ ಬಚ್ಚಿಟ್ಟಿದ್ದರು. ಬಿರುಗಾಳಿ ಬಂದರೆ ನಾನು ಕಣ್ಣು ಕಾಣದಿದ್ದರೂ ಒತ್ತುತ್ತಿದ್ದೆ. ಅಣ್ಣ ಗಾಡಿಯನ್ನು ಬಂಡೆಯ ಮರೆಗೆ ನಿಲ್ಲಿಸಿ, ಗಾಳಿ ಇಳಿಯುವವರೆಗೆ ಕೈಕಟ್ಟಿ ಕೂರುತ್ತಿದ್ದ.

ತರಬೇತಿ ಕೇಂದ್ರದ ಹುಡುಗರಿಗೆ ಅದೇ ಸೀಡಿ ಕೊಟ್ಟು ನೋಡಿದೆ. ಎರಡು ದಿನಕ್ಕೆ ತಂದು ಮೇಜಿನ ಮೇಲೆ ಇಟ್ಟರು. "ಬರೀ ಖಾಲಿ ಅದೆ ಮೇಡಂ, ಎಂತದೂ ಇಲ್ಲ ಅದ್ರಲ್ಲಿ." ಅವರು ಹೇಳಿದ್ದು ಸುಳ್ಳಲ್ಲ, ಅದು ಖಾಲಿಯೇ. ಸಮುದ್ರವನ್ನು ಮಧ್ಯಾಹ್ನದವರೆಗೆ ನೋಡಿ ಬರಿಗೈಯಲ್ಲಿ ಬರುತ್ತಿದ್ದವನಿಗೆ ಆ ಖಾಲಿ ಅಭ್ಯಾಸದ್ದು.

ನಮ್ಮವರು ಕಡಲಿನಲ್ಲಿ ಜಾಗ ಗುರುತಿಸುವುದು ಎರಡು ಗುರುತುಗಳನ್ನು ಒಂದರ ಹಿಂದೆ ಒಂದು ತಂದು. ದೇವಸ್ಥಾನದ ಹಿಂದಿನ ಮರ ಆ ಗುಡ್ಡದ ಸಂದಿಗೆ ಸರಿಯಾಗಿ ಬಂದರೆ ಕೆಳಗೆ ಕಲ್ಲಿದೆ ಎಂದು ಲೆಕ್ಕ. ಅಣ್ಣ ಬಾಣಗಳನ್ನು ನನ್ನಿಂದ ತೆಗೆಸಿಬಿಟ್ಟ. ಒಂದು ಕಬ್ಬಿಣದ ಗೋಪುರ, ಅದರ ಹಿಂದೆ ಒಂದು ಶಿಖರ, ಎರಡನ್ನೂ ಒಂದೇ ಗೆರೆಗೆ ತಂದುಕೊಂಡು ದಾರಿಯಿಲ್ಲದ ಬಯಲಿನಲ್ಲಿ ಹೋಗುತ್ತಿದ್ದ. ನಾಲ್ಕು ವಾರ ಹೀಗೆ ಅಲೆದು ಒಂದು ಸಂಜೆ, ನಾನು ಬಸ್ಸಿಳಿದು ಒಳಗೆ ಬರುತ್ತಿದ್ದಂತೆ, "ಈಗ ನೋಡು" ಎಂದು ಕಷ್ಟದ ಒಂದು ರೇಸಿಗೆ ಹೋದ. ಉಳಿದ ಗಾಡಿಗಳೆಲ್ಲ ಧೂಳೆಬ್ಬಿಸಿಕೊಂಡು ರಸ್ತೆ ಹಿಡಿದವು. ಇವನು ತನ್ನ ಭಾರದ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ ಒಣ ಹಳ್ಳಕ್ಕೆ ಇಳಿಸಿದ. ಐದಾರು ನಿಮಿಷ ಯಾರೂ ಕಾಣಲಿಲ್ಲ. ಹಳ್ಳದಿಂದ ಮೇಲೆ ಬಂದಾಗ ಎದುರಿಗೆ ಗುರಿ ಮಾತ್ರ ಇತ್ತು. ಉಳಿದವರು ಗುಡ್ಡದ ಆ ಬದಿಯಲ್ಲಿ ಇನ್ನೂ ಸುತ್ತುತ್ತಿದ್ದರು. ಅಣ್ಣ ನಕ್ಕ. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು.

ರಂಪಣಿಯ ಜೊತೆಗಾರರು ಬಂದು ಹಿಂದೆ ನಿಂತು ನೋಡತೊಡಗಿದರು. ಅವರಲ್ಲೊಬ್ಬ, "ಹೋಯ್, ಅಂವ ಮತ್ತೆ ಬಂಡೆ ಹತ್ತಿದ್ದಾ ಮಾರಾಯ" ಅಂದ. ಅವನು ತಮಾಷೆಗೆ ಹೇಳಿದ್ದು. ಆಯಿ ತಮಾಷೆಯಾಗಿ ಕೇಳಿಸಿಕೊಳ್ಳಲಿಲ್ಲ. ಆವತ್ತಿನಿಂದ ಅವಳ ನಡೆಯೇ ಬದಲಾಯಿತು. ಮಗ ಪರದೆ ನೋಡುತ್ತಿದ್ದರೆ ಅವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು, ಗಂಜಿಯ ಪಾತ್ರೆ ಹಿಡಿದು, ಬಾಯಿ ಬಿಡದೆ. ನಾನು ಅದನ್ನು ನೋಡಿ ನಕ್ಕಿದ್ದೇನೆ. ನಗುವುದಷ್ಟೇ ಅಲ್ಲ, ನನಗೆ ಅದು ಚಂದ ಕಂಡಿತ್ತು. ಆ ಮನೆಯಲ್ಲಿ ಮತ್ತೆ ಒಬ್ಬ ಮೀನು ನೋಡುವವನು, ಅವನಿಗೆ ಮರ್ಯಾದೆ ಕೊಡುವ ಒಬ್ಬಳು ಹೆಂಗಸು. ಕಳೆದುಹೋದದ್ದು ಸ್ವಲ್ಪ ಮರಳಿ ಬಂದಿದೆ ಎಂದು ನಾನು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ.

ಕುರ್ಚಿ ಪ್ಲಾಸ್ಟಿಕ್ಕಿನದು, ಕೈಗಳಿದ್ದದ್ದು. ಕೆಳಗೆ ಒಂದು ದಿಂಬು. ಮುಂದಕ್ಕೆ ಬಾಗಿ ಬೀಳದಂತೆ ಆಯಿಯ ಹಳೆಯ ಸೀರೆಯ ಪಟ್ಟಿಯಿಂದ ಎದೆಯನ್ನು ಕುರ್ಚಿಯ ಬೆನ್ನಿಗೆ ಕಟ್ಟುತ್ತಿದ್ದೆವು. ಬೆಳಿಗ್ಗೆ ನಾನೂ ಆಯಿಯೂ ಸೇರಿ ಅವನನ್ನು ಎತ್ತಿ ಕೂರಿಸಿದರೆ, ಮತ್ತೆ ಎತ್ತಿಸುವ ಕೆಲಸ ಆಯಿಯದು. ಪಕ್ಕದ ಮನೆಯವರನ್ನು ಕೂಗಿದರೆ ಬರುತ್ತಿದ್ದರು, ಅದಕ್ಕೇನೂ ತೊಂದರೆ ಇರಲಿಲ್ಲ.

ಮಳೆಗಾಲದ ಮುಂಚೆ ಅಣ್ಣನಿಗೆ ಹೊಸ ಯೋಚನೆ ಹತ್ತಿತು. ಆ ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೂ ರಸ್ತೆ ತುಳಿಯದೆ ಹೋಗಬೇಕು. ಆಚೆ ತುದಿಯಲ್ಲಿ ದೊಡ್ಡ ನೀರಿದೆ ಎಂದು ನಕಾಶೆಯಲ್ಲಿ ನೀಲಿ ಕಾಣುತ್ತಿತ್ತು. ಇದಕ್ಕೆ ಬಹುಮಾನವಿಲ್ಲ, ಇದು ಯಾವ ರೇಸೂ ಅಲ್ಲ. "ನೀರು ಕಾಣುವವರೆಗೆ ಹೋತೆ ತಂಗಿ, ಆಮೇಲೆ ಬಿಡ್ತೆ" ಅಂದ. ಒಂದು ಗುಡ್ಡ ಹತ್ತುವುದಕ್ಕೆ ಕೆಲವೊಮ್ಮೆ ಅರ್ಧ ದಿನ. ಜಾರಿದರೆ ಆಟ ಎತ್ತಿ ರಸ್ತೆಯಲ್ಲಿಡುತ್ತದೆ, ಆಗ ಅವನು ಆ ದಿನದ್ದನ್ನೆಲ್ಲ ತಾನೇ ರದ್ದು ಮಾಡಿ ಹಿಂದಿನ ಜಾಗಕ್ಕೆ ಹೋಗಿ ಮತ್ತೆ ಹೊರಡುತ್ತಿದ್ದ. ಆಟವನ್ನು ನಿಲ್ಲಿಸಿಡುವ ಗುಂಡಿಯನ್ನು ನಾನು ತೋರಿಸಿಕೊಟ್ಟಿದ್ದೆ. ಅದನ್ನು ಅವನು ಒತ್ತುತ್ತಿರಲಿಲ್ಲ. ಗುಡ್ಡದ ಮಧ್ಯದಲ್ಲಿ ಕಣ್ಣು ತೆಗೆಯುವುದು ಅವನಿಂದ ಆಗುವ ಕೆಲಸವಲ್ಲ.

ಒಂದು ಸಂಜೆ ನಾನು ಬಂದವಳೇ ಕೇಳಿದೆ, "ಆಯಿ, ಎತ್ತಿ ಮಲಗಿಸಿದ್ಯಾ ಮಧ್ಯಾಹ್ನ?"

"ಅಂವ ನೋಡ್ತೇ ಇದ್ದಿದ್ದ. ಮಾತಾಡ್ಸುಕೆ ಆಗ್ಲಿಲ್ಲ."

"ಬೆಳಗಿಂದ?"

"ನೋಡ್ತೇ ಇದ್ದಿದ್ದ" ಎಂದು ಆಯಿ ಹೇಳಿದ ಧಾಟಿಯಲ್ಲಿ ಹೆಮ್ಮೆಯಿತ್ತು.

ಇದನ್ನು ನಾನು ಮುಚ್ಚಿಡುವುದಿಲ್ಲ. ನನಗೆ ಆಗಲೇ ಗೊತ್ತಾಗಬೇಕಿತ್ತು. ಗೋಡೆಯ ಮೇಲೆ ನನ್ನದೇ ಅಕ್ಷರದ ಚೀಟಿ ಇತ್ತು, ಒಗ್ಗರಣೆಯ ಎಣ್ಣೆ ಸಿಡಿದು ಹಳದಿಯಾಗಿತ್ತು. ನಾನು ಆಯಿಯ ಮಾತಿಗೆ "ನಾಳೆಯಾದ್ರೂ ಎಬ್ಬಿಸು" ಎಂದು ಹೇಳಿ ಚಹಾ ಕುಡಿದೆ. ಅಣ್ಣನ ಮುಖದಲ್ಲಿ ರಕ್ತ ಬಂದಿತ್ತು, ಊಟ ಸರಿಯಾಗಿ ಮಾಡುತ್ತಿದ್ದ, ಆ ದಿನ ದಾಟಿದ ಕಣಿವೆಯ ಬಗ್ಗೆ ಹೇಳುತ್ತಿದ್ದ. ಅವನನ್ನು ಅಷ್ಟು ದೂರ ತಂದಮೇಲೆ ಮತ್ತೆ ಮಂಚಕ್ಕೆ ಹಾಕುವ ಮನಸ್ಸು ನನಗೂ ಬರಲಿಲ್ಲ. ಹಾಗೆ ಎಷ್ಟು ನಾಳೆಗಳು ಹೋದವೋ ಲೆಕ್ಕವಿಟ್ಟಿಲ್ಲ. ಕರೆಂಟು ಹೋದಾಗ ಮಾತ್ರ ಅವನನ್ನು ಎತ್ತುತ್ತಿದ್ದರು. ಆ ವರ್ಷ ಕೇಣಿಯಲ್ಲಿ ಕರೆಂಟು ಅಷ್ಟಾಗಿ ಹೋಗಲಿಲ್ಲ, ಎಲ್ಲರಿಗೂ ಅದರಿಂದ ಖುಷಿಯಾಗಿತ್ತು.

ಮಳೆ ಹಿಡಿಯಿತು. ಮಳೆಗಾಲದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಒಣಮೀನಿನ ವಾಸನೆ ಸಾಮಾನ್ಯ. ಬೇಸಿಗೆಯಲ್ಲಿ ಒಣಗಿಸಿಟ್ಟದ್ದು ತೇವಕ್ಕೆ ಮೆತ್ತಗಾಗಿ ಇನ್ನಷ್ಟು ನಾರುತ್ತದೆ. ಅಣ್ಣನ ಕೋಣೆಯಲ್ಲಿ ವಾಸನೆ ಬರುತ್ತಿದೆ ಎಂದು ಆಯಿ ಅಟ್ಟದ ಮೇಲಿನ ಮೀನಿನ ಮಡಕೆಯನ್ನು ಎರಡು ಸಲ ಇಳಿಸಿ ನೋಡಿದಳು. ಒಂದಿಷ್ಟು ಮೀನು ಹಾಳಾಗಿತ್ತು ಕೂಡ. ಅದನ್ನು ಹೊರಗೆ ಎಸೆದು, ಮಡಕೆಗೆ ಹೊಗೆ ಹಾಕಿದಳು. ಬೇರೆ ಊರಿನವರಾಗಿದ್ದರೆ ಬಾಗಿಲಲ್ಲಿ ನಿಂತಾಗಲೇ ಮೂಗು ಮುಚ್ಚಿಕೊಂಡು ಇದೇನು ಎಂದು ಕೇಳುತ್ತಿದ್ದರು. ನಮ್ಮ ಮನೆಗೆ ಬಂದವರೆಲ್ಲ ನಮ್ಮವರೇ.

ಜುಲೈನಲ್ಲಿ ಜ್ವರ ಬಂತು. ಮಳೆಯ ಜ್ವರ ಎಂದು ಗುಳಿಗೆ ಕೊಟ್ಟೆವು. ಬಿಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮೈ ಒರೆಸಲೆಂದು ಅವನನ್ನು ಬೋರಲು ಮಾಡಿದಾಗ ಕಂಡಿತು. ಸೊಂಟದ ಕೆಳಗೆ, ಕೂರುವ ಎಲುಬಿನ ಜಾಗದಲ್ಲಿ, ಮೇಲೆ ನೋಡಿದರೆ ಒಂದು ರೂಪಾಯಿಯಷ್ಟು ಕಪ್ಪು. ಒದ್ದೆ ಬಟ್ಟೆ ತಾಗಿಸಿದ್ದಕ್ಕೆ ಆ ಕಪ್ಪು ಕಳಚಿ ಬಂತು. ಅದರ ಕೆಳಗೆ ನನ್ನ ಮುಷ್ಟಿ ಹಿಡಿಯುವಷ್ಟು ಗುಂಡಿ. ಅಣ್ಣ ಬೋರಲು ಮಲಗಿದವನೇ, "ಎಂತ ಆಯ್ತು? ಎಂತಕೆ ಸುಮ್ನಾದೆ?" ಎಂದು ಕೇಳುತ್ತಿದ್ದ. ಅವನಿಗೆ ಏನೂ ಗೊತ್ತಾಗಿರಲಿಲ್ಲ. ಅಷ್ಟು ದಿನವೂ ಗೊತ್ತಾಗಿರಲಿಲ್ಲ.

ಕಾರವಾರದ ಆಸ್ಪತ್ರೆಯಲ್ಲಿ ಗಾಯ ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಒಳ್ಳೆಯವರು. ಬೈಯಲಿಲ್ಲ. ನಂಜು ಎಲುಬಿಗೆ ಇಳಿದಿದೆ, ರಕ್ತಕ್ಕೂ ಸೇರಿರಬಹುದು ಎಂದು ಹೇಳಿ, ಕೈ ತೊಳೆಯುತ್ತ ಕೇಳಿದರು.

"ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರುತ್ತಿದ್ದರು ಇವರು?"

ಆಯಿ ಹೇಳಿದಳು.

"ಬೆಳಗಿಂದ ಸಂಜಿವರೆಗೆ."

"ಯಾಕಮ್ಮ? ಎತ್ತಿಸಬೇಕು ಅಂತ ಹೇಳಿರಲಿಲ್ವಾ?"

"ಅಂವ ಮೀನು ನೋಡ್ತಿದ್ದ" ಅಂದಳು ಆಯಿ.

ಡಾಕ್ಟರು ನನ್ನ ಮುಖ ನೋಡಿದರು. ಆಯಿಗೆ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಅವರಿಗೆ ವಿವರಿಸಬಹುದಿತ್ತು, ಬಂಡೆ, ಪಂಚೆ, ಕಟ್ಟುಪಾಡು ಎಲ್ಲ ಹೇಳಬಹುದಿತ್ತು. ವಿವರಿಸಿದರೆ ಚೀಟಿಯ ಬಗ್ಗೆಯೂ ಹೇಳಬೇಕಾಗುತ್ತಿತ್ತು. ನಾನು ನೆಲ ನೋಡಿದೆ. ಅವರು ಹೋಗುವಾಗ ನನ್ನ ಭುಜ ಮುಟ್ಟಿ, "ಇಂಥ ಗಾಯ ಆರಲು ತಿಂಗಳುಗಟ್ಟಲೆ ಬೇಕು, ತಾಳ್ಮೆ ಇರಲಿ" ಅಂದರು.

ತಿಂಗಳುಗಟ್ಟಲೆ ಬೇಕಾಗಲಿಲ್ಲ. ಅಣ್ಣ ಉಳಿದದ್ದು ಹತ್ತೊಂಬತ್ತು ದಿನ. ಜ್ವರದ ನಡುವೆ ಎಚ್ಚರ ಬಂದಾಗಲೆಲ್ಲ ನನ್ನನ್ನು ಕೇಳುತ್ತಿದ್ದದ್ದು ಒಂದೇ. "ಗಾಡಿ ಎಲ್ಲಿ ನಿಂತದೆ? ಬಂದ್ ಮಾಡ್ವಾಗ ಜಾಗ ಉಳಿಸಿದ್ಯಾ?" ಉಳಿಸಿದ್ದೇನೆ ಎಂದು ಹೇಳುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದು, "ಇನ್ನೊಂದೇ ಗುಡ್ಡ ಅದೆ ತಂಗಿ. ಅದ್ರ ಆಚಿಗೆ ನೀರು. ನಂಗೆ ಗೊತ್ತದೆ" ಅಂದ. ಕಾಲು ಬರುತ್ತದಾ, ನಾನು ಏಳುತ್ತೇನಾ ಎಂದು ಒಂದು ಸಲವೂ ಕೇಳಲಿಲ್ಲ. ಅದನ್ನು ಕಾಯುವುದನ್ನು ಮೊದಲು ಬಿಟ್ಟವರು ಯಾರು, ಅವನೋ ನಾವೋ, ನನಗೆ ಇವತ್ತಿಗೂ ತಿಳಿದಿಲ್ಲ. ಚೌತಿ ಬರುವ ಮುಂಚೆ ಹೋದ. ಬಿದ್ದು ಒಂದು ವರ್ಷವೂ ತುಂಬಿರಲಿಲ್ಲ.

ಎಲ್ಲ ಕ್ರಿಯೆ ಮುಗಿದು, ನೆಂಟರು ಖಾಲಿಯಾದ ಮೇಲೆ ಒಂದು ಮಧ್ಯಾಹ್ನ ಆ ಕಂಪ್ಯೂಟರನ್ನು ಬಿಚ್ಚಿ ಮಲ್ಲಾಪುರದವಳಿಗೆ ಮರಳಿ ಕೊಡಬೇಕೆಂದು ಹೋದೆ. ಬಿಚ್ಚುವ ಮುಂಚೆ ಒಂದು ಸಲ ಹಾಕಿದೆ. ಗಾಡಿ ಇದ್ದಲ್ಲೇ ಇತ್ತು. ಕಲ್ಲುಗುಡ್ಡದ ಅರ್ಧಕ್ಕೆ, ಜಾರದ ಒಂದು ಹಾಸುಬಂಡೆಯ ಮೇಲೆ, ಮೂತಿ ಮೇಲಕ್ಕೆ ಮಾಡಿ ನಿಂತಿತ್ತು. ಕುರ್ಚಿಯನ್ನು ಎಳೆದು ಕೂತೆ. ಸೀರೆಯ ಪಟ್ಟಿ ಇನ್ನೂ ಅದರ ಬೆನ್ನಿಗೆ ಗಂಟು ಹಾಕಿದಂತೆಯೇ ಇತ್ತು. ಅವನ ಪರವಾಗಿ ಆ ಒಂದು ಗುಡ್ಡ ಹತ್ತಿ ಇಳಿಸಿ, ನೀರು ನೋಡಿ ಬರೋಣ ಎಂದುಕೊಂಡೆ. ಮಣ್ಣಿನ ಬಣ್ಣ ನೋಡಿದೆ, ಕಲ್ಲಿದ್ದಲ್ಲಿ ಹತ್ತಿದೆ, ಮೆಲ್ಲಗೆ ಹತ್ತಿದೆ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಾಗಲಿಲ್ಲ. ತುದಿಗೆ ಇನ್ನು ಸ್ವಲ್ಪವೇ ಇತ್ತು.

ಆಗ ಬೆನ್ನ ಹಿಂದೆ ಏನೋ ಇದೆ ಅನ್ನಿಸಿತು. ಬಳೆಯ ಸದ್ದೂ ಅಲ್ಲ, ಉಸಿರಿನ ಸದ್ದೂ ಅಲ್ಲ, ಯಾರೋ ಸದ್ದು ಮಾಡಬಾರದೆಂದು ನಿಂತಿರುವುದು. ತಿರುಗಿದೆ. ಆಯಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚಹಾದ ಲೋಟ. ಚಹಾದ ಮೇಲೆ ಕೆನೆ ಕಟ್ಟಿ, ಆ ಕೆನೆ ಸುಕ್ಕಾಗಿತ್ತು. ಹಿಂದೆ ಪರದೆಯಲ್ಲಿ ಗಾಡಿ ಉರುಳುವ ಸದ್ದಾಯಿತು, ನಾನು ನೋಡಲಿಲ್ಲ.

"ಎಷ್ಟು ಹೊತ್ತಾಯ್ತು ನೀ ಬಂದು?" ಎಂದು ಕಿರುಚಿದೆ. "ಕರೀಲಿಕ್ಕೆ ಏನಾಗಿತ್ತು ನಿಂಗೆ? ಬಾಯಿಲ್ವಾ?"

ಆಯಿ ಹೆದರಿ ಲೋಟವನ್ನು ಎದೆಗೆ ಹಿಡಿದುಕೊಂಡಳು.

"ನೀ ನೋಡ್ತೇ ಇದ್ದಿದ್ದೆ, ತಂಗಿ" ಅಂದಳು.